ಮಧ್ಯಾಹ್ನದವರೆಗಿನ ರಾಜಿ

ಕಾಪುವಿನ ಕಡಲ ಬದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ವಿಠಲಣ್ಣನ ಮನೆ ತೋರಿಸುತ್ತಾರೆ. ಆ ವಿಠಲಣ್ಣನ ಹೆಂಡತಿ ನಾನು, ಕುಶಲಾ. ಗಂಡನ ಹೆಸರು ಹೇಳುವ ಕ್ರಮ ನನ್ನ ಕಾಲದವರಲ್ಲಿ ಇಲ್ಲ, ಇಷ್ಟು ಹೇಳಿದ್ದೇ ಹೆಚ್ಚಾಯಿತು. ಇನ್ನು ಮುಂದೆ ಇವರು ಎಂದರೆ ಇವರೇ ಎಂದು ತಿಳಿದುಕೊಳ್ಳಿ. ಊರಿನವರು ಇವರ ಬಗ್ಗೆ ಒಳ್ಳೆಯದನ್ನು ಬೇಕಾದಷ್ಟು ಹೇಳಿದ್ದಾರೆ. ಶಾಲು ಹೊದೆಸಿ ಸನ್ಮಾನ ಮಾಡಿದ ಫೋಟೋ ನಮ್ಮ ಚಾವಡಿಯ ಗೋಡೆಯ ಮೇಲೆ ಇದೆ. ಉಳಿದದ್ದನ್ನು ನಾನು ಹೇಳುತ್ತೇನೆ.

ಇವರು ಮಲ್ಪೆಯಲ್ಲಿ ಬೋಟು ನಡೆಸುತ್ತಿದ್ದರು. ಬೋಟು ನಡೆಸುವವರನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಮಂಡಿ ನೋವು ಜೋರಾಗಿ ದಡದಲ್ಲೇ ಉಳಿದ ಮೇಲೂ ಇವರನ್ನು ಹುಡುಕಿಕೊಂಡು ಬರುವವರು ಕಡಿಮೆಯಾಗಲಿಲ್ಲ, ಯಾಕೆಂದರೆ ಇವರ ನಿಜವಾದ ಕಸುಬು ಬೋಟಲ್ಲ, ರಾಜಿ. ಕಡಲಲ್ಲಿ ಇಬ್ಬರ ಬಲೆ ಒಂದಕ್ಕೊಂದು ಸಿಕ್ಕಿಕೊಂಡರೆ ಒಬ್ಬ ಇನ್ನೊಬ್ಬನ ಬಲೆ ಕಡಿದು ತನ್ನದನ್ನು ಬಿಡಿಸಿಕೊಂಡು ಬರುತ್ತಾನೆ. ದಡಕ್ಕೆ ಬಂದ ಮೇಲೆ ಕಾಲರ್ ಹಿಡಿಯುವುದು, ಅಮ್ಮ ಅಕ್ಕ ಎಂದು ಬೈಯುವುದು, ಎಲ್ಲ ಉಂಟಲ್ಲ. ಆಗ ಯಾರಾದರೂ ಹೇಳುತ್ತಾರೆ, "ಸ್ಟೇಷನ್‌ಗೆ ಎಂತಕ್ಕೆ ಹೋಗುವುದು ಮಾರಾಯ? ವಿಠಲಣ್ಣನನ್ನು ಕರೀರಿ."

ಇವರು ಹೆಗಲಿಗೊಂದು ಬೈರಾಸು, ಎಂದರೆ ಟವೆಲು, ಹಾಕಿಕೊಂಡು ಭಜನಾ ಮಂದಿರಕ್ಕೆ ಹೋಗುತ್ತಾರೆ. ಆಚೆ ಒಂದು ಚಾಪೆ, ಈಚೆ ಒಂದು ಚಾಪೆ, ನಡುವಿನ ಬರೀ ನೆಲದಲ್ಲಿ ಇವರು. ಮೊದಲು ಬೆಲ್ಲ, ನೀರು. ಒಂದೇ ತಟ್ಟೆಯ ಬೆಲ್ಲವನ್ನು ಇಬ್ಬರೂ ಬಾಯಿಗೆ ಹಾಕಬೇಕು, ಇಲ್ಲದಿದ್ದರೆ ಇವರು ಬಾಯಿ ತೆರೆಯುವುದಿಲ್ಲ. ಆಮೇಲೆ ಒಬ್ಬ ಹೇಳುವಾಗ ಇನ್ನೊಬ್ಬ ತುಟಿ ಅಲ್ಲಾಡಿಸುವ ಹಾಗಿಲ್ಲ. ಎಲ್ಲ ಕೇಳಿದ ಮೇಲೆ ಇವರ ತೀರ್ಮಾನ ಯಾವಾಗಲೂ ಒಂದೇ: ಅರ್ಧ ನಿನ್ನದು, ಅರ್ಧ ಅವನದು. ಕೊನೆಗೆ ಇಬ್ಬರೂ ದೀಪದ ಎದುರು ನಿಂತು ಮಾತು ಕೊಡಬೇಕು. ದೀಪದ ಎದುರು ಮಾತು ಕೊಟ್ಟವನು ಮತ್ತೆ ಪೊಲೀಸು, ಕೋರ್ಟು ಎಂದು ಹೋದದ್ದು ನಮ್ಮ ಮೀನುಗಾರರ ಪಟ್ಣದಲ್ಲಿ ಇಲ್ಲ.

"ಇಬ್ಬರಿಗೂ ಸ್ವಲ್ಪ ನೋವಾಗಬೇಕು ಕುಶಲಾ," ಎಂದು ನನಗೆ ಪಾಠ ಹೇಳುತ್ತಿದ್ದರು. "ಒಬ್ಬನೇ ನಗಾಡಿಕೊಂಡು ಹೋದರೆ ಅದು ರಾಜಿ ಅಲ್ಲ."

ಒಮ್ಮೆ ನನ್ನ ಸ್ವಂತ ತಮ್ಮನ ಬಲೆಯನ್ನು ಹೂಡೆ ಊರಿನ ಒಬ್ಬ ಕಡಿದು ಹಾಕಿದ. ತಪ್ಪು ಪೂರ್ತಿ ಕಡಿದವನದೇ ಎಂದು ಕಣ್ಣು ಕಾಣದವರಿಗೂ ಗೊತ್ತಿತ್ತು. ಆದರೂ ಇವರು ಅರ್ಧ ಅರ್ಧ ಮಾಡಿದರು. ನನ್ನ ತಮ್ಮ ವರ್ಷಗಟ್ಟಲೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಊರಿನವರು ಮಾತ್ರ ಬಾಯ್ತುಂಬ ಹೊಗಳಿದರು: "ವಿಠಲಣ್ಣನಿಗೆ ತನ್ನವರು, ಬೇರೆಯವರು ಅಂತ ಇಲ್ಲ." ಈ ಒಂದು ಮಾತು ಕಿವಿಗೆ ಬಿದ್ದ ದಿನ ಇವರಿಗೆ ಊಟವೂ ಬೇಡ. ನಾನು ಮಾಡಿದ ಬಂಗುಡೆ ಮೀನಿನ ಪುಳಿಮುಂಚಿ ಸಾರು ಆ ದಿನ ಹಾಗೇ ಉಳಿದಿತ್ತು.

ನಮಗೆ ಒಬ್ಬಳೇ ಮಗಳು, ಚೈತಾಲಿ. ಅಳಿಯ ರಿತೇಶ್ ಮಸ್ಕತ್‌ನಲ್ಲಿ ಇದ್ದಾನೆ. ಹಾಗಾಗಿ ಅವಳು ಮಗುವನ್ನು ಕಟ್ಟಿಕೊಂಡು ನಮ್ಮ ಮನೆಯಲ್ಲೇ ಇದ್ದಳು. ನಮ್ಮಲ್ಲಿ ಮಗಳ ಮಕ್ಕಳೇ ಮನೆಯ ಮಕ್ಕಳು. ಮಗುವಿನ ಹೆಸರು ಆಶ್ರಿತಾ, ನಮಗೆ ಆಶು. ಎಲ್ಲ ಮಕ್ಕಳು ಬಾಯಿ ತುಂಬ ಮಾತಾಡುವ ವಯಸ್ಸಿನಲ್ಲಿ ಇವಳು ಒಂದು ಶಬ್ದ ಆಡಲಿಲ್ಲ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಕಪಾಟಿನ ಹಿಂದೆ ಕೂರುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮಣಿಪಾಲದ ಡಾಕ್ಟರು ನೋಡಿ ಆಟಿಸಂ ಎಂದರು. ಇದಕ್ಕೆ ಮಾತ್ರೆ ಇಲ್ಲ, ಬೇರೆ ಮಕ್ಕಳ ಜೊತೆ ಬೆಳೆಯಬೇಕು, ಕಲಿಸುವವರು ಸ್ವಲ್ಪ ತಾಳ್ಮೆಯಿಂದ ಕಲಿಸಬೇಕು ಎಂದರು.

ಚೈತಾಲಿ ಅವಳನ್ನು ಮನೆಯ ಹತ್ತಿರದ ಶಾಲೆಗೇ ಸೇರಿಸಿದಳು. ಒಂದನೇ ಕ್ಲಾಸಿನಲ್ಲಿ ರೇಚಲ್ ಟೀಚರ್ ಎಂಬ ಹುಡುಗಿ ಇದ್ದಳು, ಅವಳ ಹೊಟ್ಟೆ ತಣ್ಣಗಿರಲಿ. ಬೆಲ್ ಹೊಡೆಯುವ ಮೊದಲೇ ಆಶುವಿನ ಕಿವಿಯ ಮೇಲೆ ತನ್ನ ಕೈ ಇಡುತ್ತಿದ್ದಳು. ಬಿಸಿಯೂಟದ ಹೊತ್ತಿಗೆ ಆಶುವಿಗೆ ಒಂದು ಕೆಲಸ ಕೊಟ್ಟಿದ್ದಳು: ಸಾಲಾಗಿ ಕೂತ ಮಕ್ಕಳ ಎದುರು ಒಂದೊಂದು ಸ್ಟೀಲ್ ತಟ್ಟೆ ಇಡುವುದು. ನಾನು ಒಂದು ದಿನ ಮೀನಿನ ಬುಟ್ಟಿ ಹೊತ್ತುಕೊಂಡು ಆ ದಾರಿಯಲ್ಲಿ ಬರುವಾಗ ಬೇಲಿಯ ಆಚೆಯಿಂದ ನೋಡಿದೆ. ಕುಕ್ಕರಿಗೆ ಹೆದರುವ ಮಗು ತಟ್ಟೆಗಳ ಆ ಗಲಾಟೆಯ ನಡುವೆ ನಗುತ್ತಾ ಓಡಾಡುತ್ತಿತ್ತು. ಕೊನೆಯ ತಟ್ಟೆಯನ್ನು ತನ್ನ ಎದುರು ಇಟ್ಟುಕೊಂಡು ಎಲ್ಲರ ಜೊತೆ ಉಂಡಿತು. ನಾನು ಬುಟ್ಟಿ ಕೆಳಗಿಟ್ಟು ಅತ್ತೆ. ಅವಳ ಮೊದಲ ಮಾತೂ ಅಲ್ಲೇ ಬಂತು. ಅಮ್ಮ ಅಲ್ಲ, ಅಜ್ಜಿ ಅಲ್ಲ, "ಬಟ್ಲು." ನಮ್ಮಲ್ಲಿ ತಟ್ಟೆಗೆ ಹಾಗೇ ಹೇಳುವುದು.

ಮರುವರ್ಷ ರೇಚಲ್ ಮದುವೆಯಾಗಿ ಕಲ್ಯಾಣಪುರಕ್ಕೆ ಹೋದಳು. ಎರಡನೇ ಕ್ಲಾಸಿನಲ್ಲಿ ಕೆಲವು ತಾಯಂದಿರು, ಆ ಮಗುವಿನಿಂದ ನಮ್ಮ ಮಕ್ಕಳ ಪಾಠಕ್ಕೆ ತೊಂದರೆ ಎಂದು ದೂರು ಕೊಟ್ಟರು. ಶಾಲೆಯ ಸಂಚಾಲಕ ಜಿತೇಶ್ ಎಂಬವರು ಚೈತಾಲಿಯನ್ನು ಕರೆದು, "ಸ್ಪೆಷಲ್ ಸ್ಕೂಲಿಗೆ ಹಾಕಿ, ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು," ಎಂದರು.

ನನ್ನ ಮಗಳು ಸುಮ್ಮನೆ ಬರುವವಳಲ್ಲ. ಮಣಿಪಾಲಕ್ಕೆ ಹೋಗಿ ತಿಳಿದವರನ್ನು ಕೇಳಿದಳು. ಹತ್ತಿರದ ಶಾಲೆ ಇಂಥ ಮಗುವನ್ನು ಬೇಡ ಎನ್ನುವ ಹಾಗಿಲ್ಲ, ಮಗುವಿಗೆ ಬೇಕಾದ ಸಹಾಯವನ್ನೂ ಶಾಲೆಯೇ ಕೊಡಬೇಕು, ಕಾನೂನೇ ಹಾಗಿದೆ, ಒಂದು ದೂರು ಕೊಡಿ ಎಂದರಂತೆ. ಅವಳು ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ, "ಅಮ್ಮ, ಇದು ನಾವು ಬೇಡಿಕೊಳ್ಳುವ ವಿಷಯವೇ ಅಲ್ಲವಂತೆ, ನಮ್ಮ ಹಕ್ಕಂತೆ," ಎಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಅವಳು ದೂರು ಕೊಡಲು ಹೊರಟ ಸುದ್ದಿ ಜಿತೇಶರಿಗೆ ಹೇಗೋ ಮುಟ್ಟಿತು. ಆ ಮನುಷ್ಯ ಬುದ್ಧಿವಂತ. ನೇರ ನಮ್ಮ ಮನೆಗೇ ಬಂದರು, ಕೈಯಲ್ಲಿ ಹಣ್ಣಿನ ಚೀಲ.

"ವಿಠಲಣ್ಣ, ಊರಿನ ಶಾಲೆ, ಊರಿನ ಮಗು. ಕಚೇರಿ, ಗಿಚೇರಿ ಎಲ್ಲ ಬೇಕಾ? ನೀವೇ ರಾಜಿ ಮಾಡಿಸಿ. ನೀವು ಎಂತ ಹೇಳಿದರೂ ನಮಗೆ ಒಪ್ಪಿಗೆ. ನಿಮಗೆ ತನ್ನವರು, ಬೇರೆಯವರು ಅಂತ ಇಲ್ಲ, ಅದು ಜಿಲ್ಲೆಗೇ ಗೊತ್ತುಂಟು."

ಅಯ್ಯೋ, ಆ ಗಾಳಕ್ಕೆ ಎಂಥ ಎರೆ! ಇವರ ಮುಖ ಅರಳಿದ್ದನ್ನು ನಾನು ಅಡುಗೆ ಕೋಣೆಯ ಬಾಗಿಲಿನಿಂದ ನೋಡಿದೆ. ಜಿತೇಶರು ಮೆಟ್ಟಿಲಿಳಿಯುವುದನ್ನೇ ಕಾಯುತ್ತಿದ್ದೆ.

"ನೀವು ಆ ಮಗುವಿನ ಅಜ್ಜ. ನೀವು ಹೇಗೆ ರಾಜಿ ಮಾಡಿಸುವುದು? ಮಗಳ ಚಾಪೆಯಲ್ಲಿ ಕೂತ್ಕೊಳ್ಳಿ."

"ನಾನು ಒಂದು ಕಡೆ ಕೂತವನೇ ಅಲ್ಲ. ಈಗ ಕೂತರೆ ಇಷ್ಟು ವರ್ಷ ಮಾಡಿದ್ದಕ್ಕೆಲ್ಲ ಎಂತ ಬೆಲೆ?"

ಚೈತಾಲಿ ತಂದೆಯ ಕಾಲ ಹತ್ತಿರ ಕೂತು ಮೆಲ್ಲಗೆ ಹೇಳಿದಳು, "ಅಪ್ಪ, ಇದು ಬಲೆ ಅಲ್ಲ. ಇದರಲ್ಲಿ ಅರ್ಧ ಮಾಡ್ಲಿಕ್ಕೆ ಎಂತ ಉಂಟು?"

"ನೀನು ಹೆದರಬೇಡ. ನಿನಗೆ ಅನ್ಯಾಯ ಆಗ್ಲಿಕ್ಕೆ ನಾನು ಬಿಡ್ತೇನಾ?"

ಅವಳು ಒಪ್ಪಿದಳು. ಚಿಕ್ಕವಳಿರುವಾಗ ತಂದೆ ಕಡಲಿಂದ ಬರುವ ತನಕ ಗೇಟು ಬಿಟ್ಟು ಕದಲದ ಮಗು ಅದು. ಆ ನಂಬಿಕೆ ಎಲ್ಲಿಗೆ ಹೋಗುತ್ತದೆ?

ಭಾನುವಾರ ಭಜನಾ ಮಂದಿರದಲ್ಲಿ ಚಾಪೆ ಹಾಸಿದರು. ಆಚೆ ಜಿತೇಶರು, ಹೆಡ್ ಮಿಸ್ಟ್ರೆಸ್. ಈಚೆ ನನ್ನ ಮಗಳು ಒಬ್ಬಳೇ. ನಾನು ಅವಳ ಹಿಂದಿನ ಕಂಬಕ್ಕೆ ಒರಗಿ ನಿಂತೆ. ಇವರು ಬೈರಾಸು ಮಡಚಿಟ್ಟು ನಡುವೆ ಕೂತರು. ಬೆಲ್ಲ, ನೀರು ಆಯಿತು.

ಜಿತೇಶರು ಶುರುವಿಗೇ, ಮಗುವನ್ನು ನಾಳೆಯಿಂದಲೇ ಇಟ್ಟುಕೊಳ್ಳಲು ಆಗುವುದಿಲ್ಲ ಎಂದರು. ನಾನು ಇಷ್ಟು ವರ್ಷ ಮೀನು ಮಾರಿದವಳು. ಅರ್ಧಕ್ಕೆ ಇಳಿದರೂ ಲಾಭವಾಗುವ ಹಾಗೆ ಮೊದಲೇ ಏರಿಸಿ ಹೇಳುವುದು ನನ್ನ ದಿನನಿತ್ಯದ ಆಟ. ಆ ಆಟವನ್ನು ನನ್ನ ಮೊಮ್ಮಗಳ ಮೇಲೆ ಆಡುತ್ತಿದ್ದಾರಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು. ಇವರಿಗೆ ಮಾತ್ರ ಅದು ಕಾಣಲಿಲ್ಲ. ಆಚೆಯವರು ಪೂರ್ತಿ ಬೇಡ ಎನ್ನುತ್ತಾರೆ, ಈಚೆಯವಳು ಪೂರ್ತಿ ಬೇಕು ಎನ್ನುತ್ತಾಳೆ. ಇವರಿಗೆ ಇನ್ನೇನು ಬೇಕು?

ತೀರ್ಮಾನ ಹೀಗಾಯಿತು: ಆಶು ಮಧ್ಯಾಹ್ನದ ಊಟಕ್ಕೆ ಮೊದಲಿನವರೆಗೆ ಶಾಲೆಗೆ ಬರಬಹುದು. ತಾಯಿ ಶಾಲೆಯ ಜಗಲಿಯಲ್ಲಿ ಕೂತಿರಬೇಕು. ಬರುವ ವರ್ಷ ಶಾಲೆಯವರು ಇಂಥ ಮಕ್ಕಳಿಗೆ ಕಲಿಸುವ ಟೀಚರನ್ನು ತರುತ್ತಾರೆ, ಆಮೇಲೆ ಪೂರ್ತಿ ದಿನ. ಇದಕ್ಕೆ ಬದಲಾಗಿ ನಮ್ಮವರು ಯಾವ ಕಚೇರಿಗೂ ದೂರು ಕೊಡಬಾರದು.

"ಊಟ ಆದ ಮೇಲೆ ಕರ್ಕೊಂಡು ಹೋಗ್ತೇನೆ ಅಪ್ಪ," ಎಂದಳು ಚೈತಾಲಿ. "ಅವಳಿಗೆ ಅದೊಂದೇ ಖುಷಿ. ತಟ್ಟೆ ಇಡುವುದು."

ಹೆಡ್ ಮಿಸ್ಟ್ರೆಸ್, ಊಟದ ಹೊತ್ತಿಗೇ ಗಲಾಟೆ ಜಾಸ್ತಿ, ಜವಾಬ್ದಾರಿ ತೆಗೆದುಕೊಳ್ಳಲು ಆಗುವುದಿಲ್ಲ ಎಂದರು.

ಇವರು ಮಗಳ ಕಡೆ ತಿರುಗಿದರು. "ಅವರು ಅಷ್ಟು ಇಳಿದಿದ್ದಾರೆ. ನೀನು ಇಷ್ಟು ಬಿಡು ಮಗಾ. ಊಟ ಮನೆಯಲ್ಲಿ ಇಲ್ವಾ?"

ಊಟ ಮನೆಯಲ್ಲಿ ಇಲ್ಲವಾ! ನಾನು ಕಂಬ ಬಿಟ್ಟು ಮುಂದೆ ಬಂದು, "ಮಗು ಶಾಲೆಯಲ್ಲಿ ಎಂತ ಮಾಡ್ತದೆ ಅಂತ ಒಂದು ದಿನ ಹೋಗಿ ನೋಡಿದ್ದೀರಾ ನೀವು?" ಎಂದು ಕೇಳಿಯೇಬಿಟ್ಟೆ. ಇವರು ನನ್ನ ಮುಖ ನೋಡದೆ ಕೈ ಎತ್ತಿದರು. ಚಾಪೆಯಲ್ಲಿ ಕೂತವರು ಮಾತ್ರ ಮಾತಾಡಬೇಕು ಎಂಬುದು ಇವರದೇ ನಿಯಮ.

ದೀಪದ ಎದುರು ಜಿತೇಶರು ಮಾತು ಕೊಟ್ಟರು. ಚೈತಾಲಿಯೂ ಕೊಟ್ಟಳು. ಮಂದಿರದಿಂದ ಹೊರಗೆ ಬರುವಾಗ ಯಾರೋ ಹಿಂದಿನಿಂದ, "ಮೊಮ್ಮಗಳ ವಿಷಯದಲ್ಲಿ ಕೂಡ ನೋಡಿ, ತಕ್ಕಡಿ ಒಂಚೂರು ಅಲ್ಲಾಡಲಿಲ್ಲ," ಎಂದರು. ಇವರು ಆ ರಾತ್ರಿ ಊಟ ಬೇಡ ಎಂದರು. ನಾನೂ ಬಡಿಸಲು ಹೋಗಲಿಲ್ಲ.

ಮರುದಿನದಿಂದ ಶುರುವಾಯಿತು. ಶಾಲೆಯ ಅಡುಗೆ ಕೋಣೆಯಲ್ಲಿ ತಟ್ಟೆಗಳ ಸದ್ದು ಕೇಳಿದ ಕೂಡಲೇ ಆಶು ಓಡಲು ಎದ್ದು ನಿಲ್ಲುತ್ತಾಳೆ, ಅದೇ ಹೊತ್ತಿಗೆ ತಾಯಿ ಬಂದು ಕೈ ಹಿಡಿಯುತ್ತಾಳೆ. ಮಗು ಗೇಟಿನ ಸರಳು ಹಿಡಿದುಕೊಂಡು ಕಿರುಚುತ್ತಿತ್ತು. ಬೆರಳು ಒಂದೊಂದಾಗಿ ಬಿಡಿಸಬೇಕಿತ್ತು. ಅವಳಿಗೆ ಬಿಡಿಸಿ ಹೇಳುವುದಾದರೂ ಹೇಗೆ? ನಿನ್ನ ಅಜ್ಜ ರಾಜಿ ಮಾಡಿದ್ದಾರೆ ಮಗಾ ಎನ್ನುವುದಾ? ಮನೆಗೆ ಬಂದರೆ ಉಣ್ಣುತ್ತಿರಲಿಲ್ಲ. ಚೈತಾಲಿಯ ಕೈ ತುಂಬ ಉಗುರಿನ ಗೀರು. ಇವರು ಅದನ್ನೆಲ್ಲ ನೋಡಿ, "ಹೊಸತು ಅಲ್ವಾ, ಸರಿ ಆಗ್ತದೆ," ಎಂದರು.

ಸರಿಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮಗು ಕಿರುಚುವುದನ್ನು ಬಿಟ್ಟಿತು. ತಟ್ಟೆಯ ಸದ್ದು ಕೇಳಿದರೆ ತಾನೇ ಚಪ್ಪಲಿ ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ, ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಇದ್ದ ನಾಲ್ಕು ಮಾತುಗಳಲ್ಲಿ "ಬಟ್ಲು" ಎಂಬ ಮಾತು ಹೋಯಿತು.

"ನೋಡಿದೆಯಾ?" ಎಂದರು ಇವರು ನನ್ನ ಹತ್ತಿರ. "ಹೊಂದಿಕೊಂಡಳು."

ನಾನು ಮೀನು ಕೊಯ್ಯುತ್ತಿದ್ದೆ. ಕತ್ತಿಯನ್ನು ಕೆಳಗಿಟ್ಟು ಎದ್ದುಹೋದೆ. ಇಲ್ಲದಿದ್ದರೆ ಆ ದಿನ ನನ್ನ ಬಾಯಿಂದ ಎಂಥೆಂಥ ಮಾತು ಬರುತ್ತಿತ್ತೋ ಗೊತ್ತಿಲ್ಲ.

ಬರುವ ವರ್ಷ ಬಂತು. ಟೀಚರ್ ಬರಲಿಲ್ಲ. ಬದಲಿಗೆ ಶಾಲೆಗೆ ಹೊಸ ಕಮಿಟಿ ಬಂತು. ಮಕ್ಕಳ ಸುರಕ್ಷೆಗಾಗಿ ಹೊರಗಿನವರು ಜಗಲಿಯಲ್ಲಿ ಕೂರುವ ಹಾಗಿಲ್ಲ ಎಂದರು. ತಾಯಿ ಇಲ್ಲದೆ ಈ ಮಗುವನ್ನು ನೋಡಿಕೊಳ್ಳಲು ಜನ ಇಲ್ಲ ಎಂದೂ ಅವರೇ ಹೇಳಿ ಟಿ.ಸಿ. ಕೈಗೆ ಕೊಟ್ಟರು. ಇವರು ಬೈರಾಸು ಹಾಕಿಕೊಂಡು ಶಾಲೆಗೆ ಹೋದರು. "ಮಾತು ಕೊಟ್ಟದ್ದು ಜಿತೇಶರು, ಅವರು ಈಗ ಕಮಿಟಿಯಲ್ಲಿ ಇಲ್ಲ," ಎಂದರು ಅಲ್ಲಿ. ಜಿತೇಶರ ಮನೆಗೆ ಹೋದರು. "ನಾನು ಮಾತು ತಪ್ಪಲಿಲ್ಲ ವಿಠಲಣ್ಣ, ನಾನು ಈಗ ಅಲ್ಲಿ ಇಲ್ಲವೇ ಇಲ್ಲ. ಎಂತ ಮಾಡ್ಲಿ ಹೇಳಿ?" ಎಂದು ಕೈ ಮುಗಿದರು.

ಇವರಿಗೆ ಅರ್ಥವಾಗಲೇ ಇಲ್ಲ. ಬೋಟಿಗೆ ಒಬ್ಬ ಯಜಮಾನ ಇರುತ್ತಾನೆ. ಅವನು ದೀಪದ ಎದುರು ಕೊಟ್ಟ ಮಾತನ್ನು ಅವನ ಮಗನೂ ನಡೆಸುತ್ತಾನೆ, ಯಾಕೆಂದರೆ ನಾಳೆ ಅದೇ ಕಡಲಿಗೆ ಇಳಿಯಬೇಕು. ಶಾಲೆಗೆ ಇರುವುದು ಕಮಿಟಿ. ಕಮಿಟಿಗೆ ಯಾವ ದೀಪದ ಹೆದರಿಕೆ? ದೀಪದ ಎದುರು ಕಟ್ಟುಬಿದ್ದವಳು ನನ್ನ ಮಗಳು ಒಬ್ಬಳೇ.

ಚೈತಾಲಿ ಆ ಕಟ್ಟನ್ನು ಹರಿದುಕೊಂಡಳು. ಮಣಿಪಾಲದ ಜಿಲ್ಲಾ ಕಚೇರಿಯಲ್ಲಿ ದೂರು ಕೊಟ್ಟಳು. ಇವರು ಎರಡು ದಿನ ಅವಳ ಜೊತೆ ಮಾತು ಬಿಟ್ಟರು. ಮಾತು ತಪ್ಪಿದ್ದು ಮಗಳಂತೆ!

ವಿಚಾರಣೆಗೆ ಎರಡೂ ಕಡೆಯವರನ್ನು ಕರೆದರು. ಮಗುವಿನ ಅಜ್ಜನೇ ರಾಜಿ ಮಾಡಿಸಿದ್ದಾರೆ ಎಂದು ಶಾಲೆಯವರು ಹೇಳಿದ್ದರಿಂದ ಇವರನ್ನೂ ಕರೆದರು. ಅಧಿಕಾರಿ ಹೆಂಗಸು, ಒಳ್ಳೆಯವರು. ಆಶುವಿಗೆ ಆಡಲು ತನ್ನ ಮೇಜಿನ ಕ್ಲಿಪ್ಪುಗಳ ಡಬ್ಬಿ ಕೊಟ್ಟರು. ಶಾಲೆಯ ಕಡೆಯಿಂದ ಬಂದ ಹೆಡ್ ಮಿಸ್ಟ್ರೆಸ್ ಹೇಳಿದ್ದನ್ನು ಕೇಳಿದರು, ಚೈತಾಲಿ ಹೇಳಿದ್ದನ್ನು ಕೇಳಿದರು. ಆಮೇಲೆ ಇವರ ಕಡೆ ತಿರುಗಿದರು.

"ಅಜ್ಜ, ನೀವು ಆ ದಿನ ಅಲ್ಲಿದ್ದವರು. ಒಂದೇ ಪ್ರಶ್ನೆ. ಶಾಲೆಯವರು ಮಾತು ತಪ್ಪಿದರಾ, ಇಲ್ವಾ?"

ಚೈತಾಲಿ ತಂದೆಯ ಮುಖವನ್ನೇ ನೋಡಿದಳು. ಹೌದು ಎಂಬ ಎರಡಕ್ಷರ ಸಾಕಿತ್ತು. ಇವರು ಗಂಟಲು ಸರಿಮಾಡಿಕೊಂಡರು. ಆ ಗಂಟಲು ಸರಿಮಾಡುವ ಸದ್ದು ನನಗೆ ಚೆನ್ನಾಗಿ ಗೊತ್ತು. ಮಂದಿರದಲ್ಲಿ ಅರ್ಧ ಅರ್ಧ ಎನ್ನುವ ಮೊದಲು ಬರುವ ಸದ್ದು ಅದು.

"ಎರಡೂ ಕಡೆ ಸ್ವಲ್ಪ ಸ್ವಲ್ಪ ತಪ್ಪು ಉಂಟು ಮೇಡಂ."

"ನಿಮ್ಮ ಮಗಳದ್ದು ಎಂತ ತಪ್ಪು?"

"ದೀಪದ ಎದುರು ಮಾತು ಕೊಟ್ಟ ಮೇಲೆ ಅವಳು ಇಲ್ಲಿಗೆ ಬರಬಾರದಿತ್ತು."

ಅಧಿಕಾರಿ ಕ್ಲಿಪ್ಪು ಆಡುತ್ತಿದ್ದ ಆಶುವಿನ ಕಡೆ ನೋಡಿ ಕೇಳಿದರು, "ಮಗುವಿನದ್ದು ಎಂತ ತಪ್ಪು ಅಜ್ಜ?"

ಇವರು ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಂಡರು. ಹೆಡ್ ಮಿಸ್ಟ್ರೆಸ್ ಆಗಲೇ, ಅಜ್ಜನೇ ಒಪ್ಪಿಕೊಂಡರಲ್ಲ, ಇದು ಮುಗಿದ ವಿಷಯ, ಮಗುವಿಗೆ ಬೇರೆ ಕಡೆ ವ್ಯವಸ್ಥೆ ನೋಡಲಿ ಎಂದು ಶುರುಮಾಡಿದರು. ಅಧಿಕಾರಿ ಇನ್ನೊಂದು ತಾರೀಕು ಕೊಡುತ್ತೇನೆ ಎಂದರು. ಚೈತಾಲಿ ಎದ್ದು ನಿಂತು, "ಬೇಡ ಮೇಡಂ, ಸಾಕು," ಎಂದಳು. ಬೇರೆಯವರ ಜೊತೆ ಜಗಳ ಮಾಡುವ ಶಕ್ತಿ ಅವಳಿಗೆ ಇತ್ತು, ಸ್ವಂತ ಅಪ್ಪನ ಜೊತೆ ಮಾಡುವ ಶಕ್ತಿ ಇರಲಿಲ್ಲ.

ಹೊರಗೆ ಬಂದು ನಾವು ಉಡುಪಿ ಕಡೆಯ ಬಸ್ಸಿಗೆ ನಿಂತೆವು. ಚೈತಾಲಿ ಮಗುವನ್ನು ಎತ್ತಿಕೊಂಡು ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಳು. ಕಾರ್ಕಳದ ಬಸ್ಸು ಬಂತು, ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದಳು. ಕಾರ್ಕಳದಲ್ಲಿ ಅವಳ ಅತ್ತೆಯ ಮನೆ ಇದೆ.

"ಎಲ್ಲಿಗೆ ಹೋದಳು?" ಎಂದು ಇವರು ಕೇಳಿದರು.

"ಒಂದೇ ಕಡೆ ಕೂರುವವರ ಹತ್ತಿರ," ಎಂದೆ ನಾನು.

ಆಶು ಈಗ ಅಲ್ಲೇ ಒಂದು ತರಬೇತಿ ಕೇಂದ್ರಕ್ಕೆ ಹೋಗುತ್ತಾಳೆ. ಅಲ್ಲಿಯೂ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ವ್ಯಾನು ತಂದು ಬಿಡುತ್ತದೆ. ಮಕ್ಕಳ ಸಾಲು ಇಲ್ಲ, ಊಟ ಇಲ್ಲ. ನಾನು ಆಗಾಗ ಹೋಗಿ ಬರುತ್ತೇನೆ, ಇವರನ್ನು ಕರೆಯುವುದಿಲ್ಲ.

ಮೊನ್ನೆ ಚೌತಿಗೆ ಚೈತಾಲಿ ಮಗುವನ್ನು ಕರೆದುಕೊಂಡು ಬಂದಳು. ನಾನು ಬೇಡಿಕೊಂಡದ್ದಕ್ಕೆ ಬಂದದ್ದು. ತಂದೆಗೆ, "ಹೇಗಿದ್ದೀರಿ?" ಎಂದು ಕೇಳಿದಳು, ಅಷ್ಟೆ. ಇವರು ಬೆಳಗಿನಿಂದ ಮಗುವಿನ ಸುತ್ತಲೇ ತಿರುಗುತ್ತಿದ್ದರು. ಅಡುಗೆ ಮುಗಿಯಿತು ಎಂದಾಗ, ಮದುವೆಯಾಗಿ ಇಷ್ಟು ವರ್ಷಗಳಲ್ಲಿ ತನ್ನ ತಟ್ಟೆಯನ್ನೂ ತಾನು ತೆಗೆದುಕೊಳ್ಳದ ಮನುಷ್ಯ ಅಡುಗೆ ಕೋಣೆಗೆ ಬಂದು ಸ್ಟೀಲ್ ತಟ್ಟೆಗಳನ್ನು ಎತ್ತಿಕೊಂಡರು. ಚಾವಡಿಯಲ್ಲಿ ಆಚೆ ಎರಡು, ಈಚೆ ಎರಡು ಇಟ್ಟರು. ಮಗುವಿಗೆಂದೇ ಹೆಚ್ಚಿಗೆ ತಂದಿದ್ದ ಒಂದು ತಟ್ಟೆಯನ್ನು ಕೈಯಲ್ಲೇ ಉಳಿಸಿಕೊಂಡು ಮಗುವಿನ ಕಡೆ ಚಾಚಿದರು.

"ಆಶು, ಬಾ ಮಗಾ. ಬಟ್ಲು. ನೀನೇ ಇಡು."

ಮಗು ಇವರ ಮುಖ ನೋಡಲಿಲ್ಲ. ತಟ್ಟೆಯ ಸದ್ದು ಕೇಳಿದಾಗಲೇ ಎದ್ದಿತ್ತು. ಜಗಲಿಗೆ ಹೋಗಿ ಚಪ್ಪಲಿ ಹಾಕಿಕೊಂಡಿತು. ತನ್ನ ಸಣ್ಣ ಬ್ಯಾಗನ್ನು ಹೆಗಲಿಗೇರಿಸಿತು. ಅಂಗಳ ದಾಟಿ ಗೇಟಿನ ಹತ್ತಿರ ಹೋಗಿ, ಸರಳು ಹಿಡಿದು, ಬೆನ್ನು ಹಾಕಿ ನಿಂತಿತು.

ಇವರು ಎರಡು ಸಲ ಕರೆದರು. ಕೈಯಲ್ಲಿ ತಟ್ಟೆ ಹಾಗೇ ಇತ್ತು.

"ಕರೀಬೇಡಿ ಅಪ್ಪ," ಎಂದಳು ಚೈತಾಲಿ. "ತಟ್ಟೆ ಅಂದ್ರೆ ಹೊರಡುವ ಹೊತ್ತು ಅಂತ ಅವಳಿಗೆ. ಅಷ್ಟು ಚಂದ ಕಲಿಸಿದ್ದೇವೆ." ಮಗುವಿನ ಹಿಂದೆ ಅವಳೂ ಅಂಗಳಕ್ಕೆ ಇಳಿದಳು.

ಇವರು ನನ್ನ ಕಡೆ ತಿರುಗಿದರು. ಊರಿನ ಜಗಳಗಳನ್ನೆಲ್ಲ ಮುಗಿಸಿದ ಮನುಷ್ಯ ಮೊದಲ ಸಲ ನನ್ನನ್ನು ಕೇಳಿದರು, "ಈಗ ಎಂತ ಮಾಡುವುದು ಕುಶಲಾ?"

ಕರುಣೆ ಬರಬೇಕಿತ್ತೇನೋ. ಬರಲಿಲ್ಲ.

"ಆಚೆ ಎರಡು ತಟ್ಟೆ ಉಂಟು, ಈಚೆ ಎರಡು ಉಂಟು," ಎಂದೆ. "ನೀವು ಮಧ್ಯದಲ್ಲಿ ಕೂತ್ಕೊಳ್ಳಿ."

ಒಂದು ಪಾತ್ರೆಯಲ್ಲಿ ಅನ್ನ, ಸಾರು ಕಲಸಿಕೊಂಡು ನಾನು ಗೇಟಿಗೆ ಹೋದೆ. ಮಗುವಿನ ಪಕ್ಕ ನೆಲದ ಮೇಲೆ ಕೂತು, ಬ್ಯಾಗು ಹೆಗಲಲ್ಲಿ ಇರುವಂತೆಯೇ ಒಂದು ತುತ್ತು ಅವಳ ಬಾಯಿಯ ಹತ್ತಿರ ಹಿಡಿದೆ. ತುಂಬ ಹೊತ್ತಾದ ಮೇಲೆ ಬಾಯಿ ತೆರೆಯಿತು. ಚೈತಾಲಿಯೂ ಬಂದು ನನ್ನ ಬದಿಯಲ್ಲಿ ಕೂತಳು. ಇವರು ಚಾವಡಿಯ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತು ನೋಡುತ್ತಿದ್ದರು. ನಾನು ಕರೆಯಲಿಲ್ಲ.